ಗಂಗವ್ವ ಎಂದು ಹುಡುಕಿದರೆ

ನಮ್ಮ ಓಣಿಯ ನಾಲ್ಕು ಮನೆಗಳಲ್ಲಿ ಒಂದೇ ಬೆಳಿಗ್ಗೆ ಉಪ್ಪಿಟ್ಟು ಕೆಟ್ಟಿತೆಂದರೆ ಅದು ರವೆಯ ತಪ್ಪಲ್ಲ, ನನ್ನ ಸೋದರಮಾವನ ತಪ್ಪು. ಮಾವ ಯಲವಿಗಿ ಹತ್ತಿರದ ಒಂದು ಹಳ್ಳಿಯಲ್ಲಿ ಗಣಿತದ ಮಾಸ್ತರು. ಗಣಿತಕ್ಕೂ ಉಪ್ಪಿಟ್ಟಿಗೂ ಏನು ಸಂಬಂಧ ಎನ್ನುತ್ತೀರಾ? ಅವರು ನನ್ನ ಅವ್ವನಿಂದ ಉಪ್ಪಿಟ್ಟು ಮಾಡುವ ಕ್ರಮವನ್ನು ಬರೆಸಿಕೊಂಡು, ನಾಲ್ಕು ಪ್ರತಿ ಮಾಡಿ, ನಾಲ್ಕು ಮನೆಗೆ ಹಂಚಿದ್ದರು. "ಬರದಷ್ಟ ಮಾಡ್ರಿ. ನಿಮ್ಮ ಸ್ವಂತ ತಲಿ ಓಡಿಸಬ್ಯಾಡ್ರಿ" ಎಂಬುದು ಅವರ ಕಟ್ಟಪ್ಪಣೆ. ಒಂದು ಮನೆಯದನ್ನು ಲೋಟದಲ್ಲಿ ಕುಡಿಯಬಹುದಿತ್ತು, ಇನ್ನೊಂದು ಮನೆಯದನ್ನು ಬಿರುಕು ಬಿಟ್ಟ ಗೋಡೆಗೆ ಮೆತ್ತಬಹುದಿತ್ತು. ಮಾವ ನಾಲ್ಕನ್ನೂ ತಿಂದು, ನೋಟುಬುಕ್ಕಿನಲ್ಲಿ ನಾಲ್ಕು ಕಾಲಂ ಎಳೆದು ಬರೆದುಕೊಂಡರು.

"ಉಪ್ಪು ರುಚಿಗೆ ತಕ್ಕಷ್ಟು ಅಂತ ಬರಸೀದಿ. ಯಾರ ರುಚಿಗೆ ಅಂತ ಬರಸಬೇಕಿತ್ತು," ಎಂದು ಅವ್ವನನ್ನು ಆಕ್ಷೇಪಿಸಿದರು.

"ಉಣ್ಣಾವರ ರುಚಿಗೆ. ಉಪ್ಪಿಟ್ಟನ್ನ ನೋಟುಬುಕ್ಕು ತಿಂತೈತೇನು?" ಎಂದಳು ಅವ್ವ.

ಒಂದು ಮಾತು ನಾಲ್ಕು ತಲೆ ಹೊಕ್ಕರೆ ನಾಲ್ಕರಿಂದಲೂ ಒಂದೇ ಉತ್ತರ ಹೊರಬೀಳಬೇಕು. ಅದು ಮಾವನ ಹಟ. ಒಮ್ಮೆ ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರಿನ ನೆಂಟರಿಗೆ "ಬರುವ ಸೋಮವಾರ ಊಟಕ್ಕೆ ಬನ್ನಿ" ಎಂದು ಒಂದೇ ದಿನ ನಾಲ್ಕು ಕಾರ್ಡು ಹಾಕಿದರು. ಇಬ್ಬರು ಈ ಸೋಮವಾರ ಬಂದರು, ಒಬ್ಬರು ಆಚೆ ಸೋಮವಾರ ಬಂದರು, ಹಾನಗಲ್ಲಿನವರು ಯಾವ ಸೋಮವಾರ ಎಂದು ಕೇಳಿ ಕಾರ್ಡು ಬರೆದರು. ಅವ್ವ ಎರಡು ಸಲ ಹೋಳಿಗೆ ಲಟ್ಟಿಸಿದಳು. ಮಾವನಿಗೆ ಬಲು ಮೆಚ್ಚುಗೆಯಾದವರು ಹಾನಗಲ್ಲಿನವರು, ಬಾರದೆ ಉಳಿದವರು!

ಇಂಥವರಿಗೆ ಹೆಣ್ಣು ಕೊಡುವವರು ಯಾರು? ನೋಡಲು ಹೋದ ಒಂದು ಮನೆಯಲ್ಲಿ ಹುಡುಗಿಯನ್ನೂ ಅವಳ ತಾಯಿಯನ್ನೂ ಬೇರೆ ಬೇರೆ ಕೂರಿಸಿ ಒಂದೇ ಪ್ರಶ್ನೆ ಕೇಳಿ, ಉತ್ತರ ತಾಳೆ ನೋಡಿದರಂತೆ. ಚಹಾ ಬರುವ ಮೊದಲೇ ಆ ಮನೆಯವರು ಚಪ್ಪಲಿ ತೋರಿಸಿ ಕಳಿಸಿದರು.

ಇಲ್ಲಿಯವರೆಗಿನದನ್ನು ನಾನು ಎಷ್ಟೋ ಮದುವೆ ಮನೆಗಳಲ್ಲಿ ಹೇಳಿ ನಗಿಸಿದ್ದೇನೆ. ಮುಂದಿನದನ್ನು ಯಾರಿಗೂ ಹೇಳಿದ್ದಿಲ್ಲ.

ಅವ್ವನಿಗೂ ಮಾವನಿಗೂ ಗಂಗವ್ವ ಎಂಬ ತಂಗಿಯಿದ್ದಳು. ಎಪ್ಪತ್ತರ ದಶಕದ ನಡುವೆ, ನಾನಿನ್ನೂ ಲಂಗ ತೊಡುತ್ತಿದ್ದಾಗ, ಹದಿನೇಳರ ಆ ಚಿಗವ್ವ ಯಲವಿಗಿ ಸ್ಟೇಷನ್ನಿನಲ್ಲಿ ರೈಲು ಹತ್ತಿ ಹೋದವಳು ಮರಳಲಿಲ್ಲ. ವರ್ಷದ ಮೇಲೆ ಒಂದು ಕಾರ್ಡು ಬಂತು: ಮದುವೆಯಾಗಿದ್ದೇನೆ, ಚೆನ್ನಾಗಿದ್ದೇನೆ, ಹುಡುಕಬೇಡಿರಿ. ವಿಳಾಸವಿರಲಿಲ್ಲ. ಅಂಚೆ ಮುದ್ರೆ ಅಳಿಸಿ, ನಮ್ಮದೇ ಜಿಲ್ಲೆಯ ಹೆಸರು ಮಾತ್ರ ಉಳಿದಿತ್ತು. ಅಜ್ಜಿ ಆ ಕಾರ್ಡನ್ನು ದಿಂಬಿನಡಿ ಇಟ್ಟುಕೊಂಡೇ ತೀರಿಕೊಂಡಳು.

ಮಾವ ರಜೆ ಬಂದಾಗಲೆಲ್ಲ ಸೈಕಲ್ ಹತ್ತಿ ಸುತ್ತಲಿನ ನಾಲ್ಕೂ ತಾಲೂಕಿನ ಚಾವಡಿಗಳಿಗೆ ಹೋಗುತ್ತಿದ್ದರು. ಗೋಡೆಗೆ ಅಂಟಿಸಿದ ಮತದಾರರ ಪಟ್ಟಿಯಿಂದ ಆ ವಯಸ್ಸಿನ ಹೆಂಗಸರ ಹೆಸರು, ಊರು ನಕಲು ಮಾಡಿಕೊಳ್ಳುತ್ತಿದ್ದರು. ಬರೆಯುವವರ ಕೈಯಲ್ಲಿ ಗಂಗವ್ವ ಗಂಗವ ಆಗುತ್ತಿದ್ದಳು, ಗಂಗಮ್ಮ, ಗಂಗಾವ್ವ ಆಗುತ್ತಿದ್ದಳು. ಅವರು ಯಾವುದನ್ನೂ ಬಿಡಲಿಲ್ಲ. ಗಂಗವ್ವಗಳ ನಡುವೆ ಬಸವ್ವ, ನೀಲವ್ವಗಳೂ ಸೇರಿಕೊಂಡವು. ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಮೂರು ದಪ್ಪ ನೋಟುಬುಕ್ಕುಗಳಾಗಿದ್ದವು.

ಅವರ ಹಳೆಯ ವಿದ್ಯಾರ್ಥಿ ರಜಾಕ್ ಹುಬ್ಬಳ್ಳಿಯ ಒಂದು ಕಾಲೇಜಿನ ಕಂಪ್ಯೂಟರ್ ಕೋಣೆಯಲ್ಲಿದ್ದ. ನಾನು ಆಗಷ್ಟೇ ಸವಣೂರಿನಲ್ಲಿ ಟೈಪಿಂಗ್ ಪಾಸು ಮಾಡಿದ್ದೆ. ಮಾವ ನನ್ನನ್ನೂ ನೋಟುಬುಕ್ಕುಗಳನ್ನೂ ರೈಲಿಗೆ ಹತ್ತಿಸಿದರು. ಹತ್ತು ರವಿವಾರ ಕೂತು ಅಷ್ಟೂ ಹೆಸರುಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬಡಿದೆ. ಬೆಳಿಗ್ಗೆ 'ವ'ಕ್ಕೆ ಒಂದು ಅಕ್ಷರ ಬಳಸಿದರೆ, ಊಟವಾದ ಮೇಲೆ ಇನ್ನೊಂದನ್ನು ಬಳಸುತ್ತಿದ್ದೆ. ಒಂದೇ ಉತ್ತರ ಬೇಕೆನ್ನುವ ಮಾವನ ಸೋದರಸೊಸೆ ನಾನು!

ಅಕ್ಷರಗಳ ನಡುವೆ ನಕ್ಷತ್ರದ ಗುರುತು, ಕೂಡಿಸುವ ಗುರುತು ಹಾಕಿ ಒಂದು ಅಚ್ಚು ಬರೆದುಕೊಟ್ಟರೆ, ಅದಕ್ಕೆ ಹೊಂದುವ ಹೆಸರುಗಳನ್ನೆಲ್ಲ ಯಂತ್ರ ಹೆಕ್ಕುತ್ತದೆ ಎಂದು ರಜಾಕ್ ತೋರಿಸಿದ. ಹೆಕ್ಕುವ ಪ್ರೋಗ್ರಾಮು ಅದರಲ್ಲಿ ಎರಡಿದ್ದವು, ಒಂದು ಹಳೆಯದು, ಒಂದು ಹೊಸದು. ಮಾವ ಬಿಡುತ್ತಾರೆಯೇ? ಸಿಗಬೇಕಾದ ಆರು ಹೆಸರು, ಸಿಗಬಾರದ ಆರು ಹೆಸರು ಬರೆದು ಎರಡಕ್ಕೂ ಪರೀಕ್ಷೆ ಇಟ್ಟರು. 'ವ' ಒಂದಿರಲಿ, ಎರಡಿರಲಿ, ಬಿಡಬೇಡ ಎಂದು ಹೇಳಲು ಅದರ ಮುಂದೆ ಕೂಡಿಸುವ ಗುರುತು ಇಟ್ಟಿದ್ದರು. ಹೊಸದು ಆರನ್ನೂ ತಂದಿತು. ಹಳೆಯದು ಒಂದನ್ನೂ ತರಲಿಲ್ಲ.

"ಸರ್, ಹಳೇದಕ್ಕ ಆ ಗುರುತಿನ ಅರ್ಥ ಗೊತ್ತಿಲ್ರಿ," ಎಂದ ರಜಾಕ್. "ಹೆಸರಿನಾಗ ಖರೇನ ಕೂಡಿಸೋ ಗುರುತು ಐತೇನು ಅಂತ ಹುಡಕಾಕತ್ತೇತಿ."

"ಯಾವ ತಾಯಿ ಮಗಳ ಹೆಸರಿನಾಗ ಕೂಡಿಸೋ ಗುರುತು ಇಡತಾಳಪಾ?"

"ಹೊಸದರ ಮಾತ ಕೇಳೂಣಲ್ರಿ ಸರ್."

"ಒಬ್ಬರ ಮಾತ ಕೇಳಿ ಒಮ್ಮೆ ಕೆಟ್ಟೇನಿ," ಎಂದರು ಮಾವ.

ಅಂದೇ ಕೂತು ಆ ಗುರುತನ್ನು ಕಿತ್ತರು. 'ವ'ವನ್ನು ಒಮ್ಮೆ ಬರೆದು, ಮತ್ತೊಮ್ಮೆ ಬರೆದು, ಎರಡನೆಯದರ ಮುಂದೆ ಮಾತ್ರ ನಕ್ಷತ್ರ ಇಟ್ಟರು. ಎರಡನೆಯದು ಇದ್ದರೂ ಸೈ, ಇಲ್ಲದಿದ್ದರೂ ಸೈ ಎಂದು ಅದರರ್ಥ. ಇದು ಹಳೆಯದಕ್ಕೂ ತಿಳಿಯಿತು, ಹೊಸದಕ್ಕೂ ತಿಳಿಯಿತು. 'ಮ್ಮ'ಕ್ಕೂ, ನಾನು ಊಟವಾದ ಮೇಲೆ ಬಡಿದ 'ವ'ಕ್ಕೂ ಹಾಗೆಯೇ ಬೇರೆ ಅಚ್ಚು ಬರೆದರು. ಪೂರ್ತಿ ಪಟ್ಟಿಯ ಮೇಲೆ ಓಡಿಸಿದಾಗ ಎರಡೂ ಒಂದೇ ಒಂಬತ್ತು ಹೆಸರು ಕೊಟ್ಟವು. ಮಾವ ಎರಡು ಹಾಳೆಗಳನ್ನೂ ಸಾಲು ಸಾಲಾಗಿ ಬೆರಳಿಟ್ಟು ತಾಳೆ ನೋಡಿದರು. ಆಮೇಲೆ ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು.

ಮರಳುವ ರೈಲಿನಲ್ಲಿ ನಾನು ಕೇಳಿದೆ, "ಚಿಗವ್ವ ಯಾಕ ಹೋದಳ್ರಿ ಮಾವ?"

ಅವರು ಕಿಟಕಿಯ ಕಡೆ ನೋಡುತ್ತಲೇ ಹೇಳಿದರು. "ನನ್ನ ಕ್ಲಾಸಿನಾಗ ಇದ್ಲು. ವಾರ್ಷಿಕ ಪರೀಕ್ಷಾದಾಗ ಮೂವತ್ಮೂರು ಹಾಕಿದೆ. ಪಾಸಾಗಾಕ ಎರಡು ಕಮ್ಮಿ ಬಿತ್ತು. ಲೆಕ್ಕದ ದಾರಿ ಬರೋಬ್ಬರಿ ಇತ್ತು, ಉತ್ತರ ತಪ್ಪಿತ್ತು. ತಂಗಿ ಅಂತ ಮಾರ್ಕು ಕೊಟ್ಟಾ ಅಂದಾರು ಅಂತ ದಾರಿಗೆ ಮಾರ್ಕ ಕೊಡಲಿಲ್ಲ. ಆ ವಾರದಾಗ ಹೋದಳು."

ಕಿಟಕಿಯಿಂದ ನನ್ನ ಕಡೆ ತಿರುಗಿ ಮತ್ತೆ ಹೇಳಿದರು. "ಆಮ್ಯಾಲೆ ಅಕಿ ಪೇಪರ ನನ್ನ ಕೈಯಾರೆ ನಕಲು ಮಾಡಿ, ಹೆಸರು ಹಾಕದ, ನಾಕ ತಾಲೂಕಿನ ನಾಕ ಮಾಸ್ತರಿಗೆ ಕೊಟ್ಟೆ. ನಾಕೂ ಮಂದಿ ಪಾಸ್ ಮಾಡಿದ್ರು."

ಗುಡಗೇರಿ ದಾಟಿತು, ಯಲವಿಗಿ ಬಂತು, ಇಳಿದೆವು.

ಸುಗ್ಗಿ ಮುಗಿದ ಮೇಲೆ ಒಂಬತ್ತು ಮನೆಗಳನ್ನು ಹುಡುಕಿಕೊಂಡು ಹೊರಟೆವು. ಆಡೂರಿನ ಗಂಗವ್ವ ನಮ್ಮನ್ನು ಕುಟುಂಬ ಯೋಜನೆಯವರೆಂದು ಬಗೆದು ಹಿತ್ತಲ ಬಾಗಿಲಿನಿಂದ ಓಡಿದಳು. ಹಂಸಭಾವಿ ಕಡೆಯ ಗಂಗವ್ವನಿಗೆ ಎಪ್ಪತ್ತು ದಾಟಿತ್ತು. ಪಟ್ಟಿ ಬರೆದವರು ಅವಳ ವಯಸ್ಸನ್ನು ಅರ್ಧ ಮಾಡಿದ್ದರು. "ನಿನ್ನ ತಂಗಿ ನಾ ಅಲ್ಲಪಾ, ಆದ್ರ ಬಂದೀ, ಉಂಡು ಹೋಗು," ಎಂದು ರೊಟ್ಟಿ ಬಡಿದುಕೊಟ್ಟಳು.

ಆರನೆಯ ಹೆಸರು ಶಿಗ್ಗಾವಿಯ ಆಚೆಗಿನ ಒಂದು ಸಣ್ಣ ಹಳ್ಳಿಯದು. ಅಂಗಳದಲ್ಲಿ ಒಬ್ಬ ಮೆಣಸಿನಕಾಯಿ ಹರವುತ್ತಿದ್ದ.

"ಗಂಗವ್ವ ನನ್ನ ಹೆಣ್ತಿರಿ," ಎಂದ. "ತೀರಿಕೊಂಡು ಎರಡು ಮಳಿಗಾಲ ಆತು. ಪಟ್ಟಿಯಾಗ ಹೆಸರು ಇನ್ನೂ ಐತೇನ್ರಿ?"

"ಐತಿ," ಎಂದರು ಮಾವ. "ತವರುಮನಿ ಎಲ್ಲೀದು?"

"ಯಲವಿಗಿ ಕಡೇದು ಅಂತಿದ್ಲು. ಅಣ್ಣ ಲೆಕ್ಕದ ಮಾಸ್ತರಂತ."

ಮಾವ ಕೈಯಲ್ಲಿದ್ದ ಪಟ್ಟಿಯನ್ನು ಮಡಚಿದರು. "ಆ ಮಾಸ್ತರ ನಾನ."

ಆತ ಗಡಬಡಿಸಿ ಚಾಪೆ ಹಾಸಿದ. ನೀರು ತಂದಿಟ್ಟ. ಓಣಿಯ ಹುಡುಗಿಯರಿಗೆಲ್ಲ ಅವಳು ಇದೇ ಪಡಸಾಲೆಯಲ್ಲಿ ಲೆಕ್ಕ ಹೇಳಿಕೊಡುತ್ತಿದ್ದಳೆಂದು ಹೇಳಿದ. ಆಮೇಲೆ, ಬಹಳ ದಿನದಿಂದ ಕೇಳಬೇಕೆಂದಿದ್ದವನಂತೆ, ಮೆಲ್ಲಗೆ ಕೇಳಿದ. "ಲೆಕ್ಕದಾಗ ನಾ ಪಾಸಾಗಿದ್ದೆ, ನಮ್ಮಣ್ಣನ ಪಾಸ್ ಮಾಡಿದ್ದ ಅಂತ ಎಲ್ಲಾರ ಮುಂದೂ ಹೇಳತಿದ್ಲರಿ. ನಮ್ಮೂರಾಗ ಯಾರೂ ನಂಬಲಿಲ್ಲ. ಖರೇನ್ರಿ ಅದು?"

ನಾನು ಮಾವನ ಮುಖ ನೋಡಲಾರದೆ ನೆಲ ನೋಡಿದೆ.

"ಖರೇರಿ," ಎಂದರು ಮಾವ. "ಭಾಳ ಚೊಲೋ ಬರದಿದ್ಲು."

ಆತ ತಲೆಯಾಡಿಸಿ ಹೊರಗೆ ಹೋಗಿ ಮತ್ತೆ ಕಾಯಿ ಹರವತೊಡಗಿದ. ಶಿಗ್ಗಾವಿಯ ಬಸ್ಸಿಗೆ ಹೊತ್ತಾಗುತ್ತಿದೆ ಎಂದು ನಾನು ನೆನಪಿಸಿದೆ. ಮಾವ ಅಂಗಿಯ ತೋಳು ಮಡಚಿಕೊಂಡು ಅಂಗಳಕ್ಕಿಳಿದರು. ಆತನ ಎದುರು ಕುಕ್ಕರಗಾಲಿನಲ್ಲಿ ಕುಳಿತು, ಕೊಳೆತ ಕಾಯಿಗಳನ್ನು ಒಂದೊಂದಾಗಿ ಆರಿಸಿ ಬದಿಗಿಡತೊಡಗಿದರು.