ಅಳಿಯನಿಗೆ ಐದಕ್ಕೆ ಐದು

ತಿಮ್ಮೇಶನ ಪಿಎಚ್.ಡಿ. ಪ್ರಬಂಧ ಎರಡು ಸಲ ಹೋಗಿ ಎರಡು ಸಲವೂ ವಾಪಸ್ ಬಂದಿತ್ತು. (ತವರಿಗೆ ಹೋದ ಹೆಂಡತಿಯೂ ಅಷ್ಟು ಬೇಗ ಬರುವುದಿಲ್ಲ.) ‘ಗ್ರಾಮೀಣರಿಗೆ ಮೊಬೈಲ್ ಮೇಲಿರುವ ನಂಬಿಕೆಯ ಮಾಪನ’ ಎಂಬ ಘನಗಂಭೀರ ವಿಷಯ. ಈ ಸಲವಾದರೂ ಜನರ ನಿಜವಾದ ಉತ್ತರ ತಾರದಿದ್ದರೆ ಪ್ರಬಂಧ ಮರೆತುಬಿಡಿ ಎಂದಿದ್ದರು ಮಾರ್ಗದರ್ಶಕರು. ಹೊಸದುರ್ಗದ ಕಾಲೇಜಿನ ಈ ಮೇಷ್ಟರಿಗೆ ಆಗ ಹೊಳೆದದ್ದು ಅತ್ತೆಯ ಊರು ಮಾಡದಕೆರೆ. ಕುರಿ ಸಾಕುವ ಮನೆ, ಕಪಟವಿಲ್ಲದ ಜನ. ಹೆಂಡತಿ ನಾಗಶ್ರೀಯನ್ನು ಹೊರಡಿಸಿಕೊಂಡು, ಪ್ರಶ್ನಾವಳಿಯ ಕಂತೆಯನ್ನು ಕಂಕುಳಲ್ಲಿ ಇರುಕಿಕೊಂಡು ಬಸ್ಸು ಹತ್ತಿಯೇಬಿಟ್ಟ.

ಅತ್ತೆ ಸಿದ್ದಕ್ಕ ಹೋಳಿಗೆ ತಟ್ಟುತ್ತಿದ್ದರು. ಅಳಿಯ ಎದುರಿಗೆ ಕುಳಿತು ವಿವರಿಸಿದ.

"ಅತ್ತೆ, ನಾನೊಂದು ಮಾತು ಹೇಳ್ತೀನಿ. ಸುಳ್ಳು ಅನ್ಸಿದ್ರೆ ಒಂದು, ಪೂರ್ತಿ ನಿಜ ಅನ್ಸಿದ್ರೆ ಐದು ಕೊಡ್ರಿ. ‘ಮೊಬೈಲ್ ಮೇಲೆ ನಂಗೆ ನಂಬಿಕೆ ಐತೆ.’ ಎಷ್ಟು?"

"ಐದು!"

ತಿಮ್ಮೇಶ ಹಿರಿಹಿರಿ ಹಿಗ್ಗಿದ. "‘ಮೊಬೈಲ್ ಕಂಡ್ರೆ ನಂಗೆ ಭಯ.’ ಎಷ್ಟು?"

"ಅದ್ಕೂ ಐದು ಹಾಕ್ಕಳ್ರಿ."

"ಎರಡೂ ಹೆಂಗೆ ನಿಜ ಆಗ್ತಾವೆ, ಅತ್ತೆ?"

"ಅಳಿಯಂದ್ರು ಬಾಯಿಬಿಟ್ಟು ಕೇಳಿದ್ಮೇಲೆ ಕಮ್ಮಿ ಕೊಡಾಕಾಗುತ್ತಾ? ಊರೋರು ಏನಂದಾರು?"

ಪಕ್ಕದ ಮನೆಯ ಕಾಳಕ್ಕ ಬಾಗಿಲಲ್ಲಿ ನಿಂತು ಇಷ್ಟನ್ನೂ ಕೇಳಿಸಿಕೊಂಡಿದ್ದಳು. "ಸಿದ್ದಕ್ಕ ಐದು ಕೊಟ್ಳಾ? ನಂದು ಆರು ಬರ್ಕಳ್ರಿ. ನಮ್ಮನೇಲೇನು ಬರಗಾಲ ಐತಾ?"

ಪ್ರಬಂಧ ಮತ್ತೆ ವಾಪಸ್ ಬರುವುದು ತಿಮ್ಮೇಶನಿಗೆ ಕಣ್ಣಿಗೆ ಕಟ್ಟಿದಂತಾಯಿತು. ತಲೆಯ ಮೇಲೆ ಕೈಹೊತ್ತು ಕುಳಿತ. ಸಿದ್ದಕ್ಕನಿಗೆ ಅಯ್ಯೋ ಪಾಪ ಎನ್ನಿಸಿತು.

"ಅಲ್ರೀ, ಮೊಬೈಲ್ ನಂಬ್ತೀರಾ ಅಂತ ಕೇಳಾಕೆ ಬಂದೋರು ಇಷ್ಟೊಂದು ಕಾಗದ ಯಾಕೆ ಹೊತ್ಕಂಡು ಬಂದ್ರಿ? ಮೊಬೈಲ್ನಾಗೆ ಬರ್ಕಳಾಕೆ ಬರಲ್ವಾ?"

"ಬರುತ್ತೆ ಅತ್ತೆ. ಆದ್ರೆ ಇದ್ದಕ್ಕಿದ್ದಂಗೆ ಎಲ್ಲಾ ಅಳಿಸಿಹೋದ್ರೆ? ಅದನ್ನ ನಂಬಾಕಾಗುತ್ತಾ?"

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ. ಅಷ್ಟರಲ್ಲಿ ನಾಗಶ್ರೀ ಖಾಲಿ ಹಾಳೆಯೊಂದನ್ನು ಎಳೆದುಕೊಂಡು, ಮೇಲೆ ಗಂಡನ ಹೆಸರು ಬರೆದು, ನಂಬಿಕೆಗೆ ಒಂದು, ಭಯಕ್ಕೆ ಐದು ಎಂದು ಗುರುತು ಹಾಕಿಯಾಗಿತ್ತು.

"ಬಿಡ್ರಿ, ಒಬ್ಬರಾದ್ರೂ ನಿಜ ಹೇಳಿದ್ರು!" ಎಂದು ಬಿದ್ದು ಬಿದ್ದು ನಕ್ಕಳು.

ಸಿದ್ದಕ್ಕ ಹಾಳೆಯೊಳಗೆ ಇಣುಕಿ ಕೆಂಡವಾದರು. "ಏನೇ ಇದು? ಕಟ್ಕಂಡ ಗಂಡಂಗೆ ಒಂದು ಕೊಡ್ತಾರೇನೇ? ಅಳಿಸಿ ಐದು ಹಾಕೇ!"

ತವರಿಗೆ ಬಂದು ಅವ್ವನ ಮಾತು ಮೀರುವುದುಂಟೆ? ನಾಗಶ್ರೀ ಒಂದನ್ನು ಹೊಡೆದುಹಾಕಿ ಐದು ಬರೆದಳು. ಇಡೀ ಮಾಡದಕೆರೆಯಲ್ಲಿ ಸಿಕ್ಕಿದ್ದ ಒಂದೇ ಒಂದು ನೆಟ್ಟಗಿನ ಉತ್ತರವೂ ಹಾಗೆ ಹಾಳಾಯಿತು.