ಭಾವ, ಸೇಫ್ಟಿ ಪಿನ್ನು ಮತ್ತು ರೂಟರಿನ ತೂತು

ನನ್ನ ಭಾವನವರ ಕಣ್ಣಿಗೆ ಬೀಳುವಂತೆ ಸರಿಯಾಗಿ ನಡೆಯುತ್ತಿರುವ ಯಾವ ವಸ್ತುವನ್ನೂ ಇಡಬಾರದು. ಕೆಟ್ಟುಹೋದದ್ದನ್ನು ಬೇಕಾದರೆ ಇಡಿ, ಅದರ ಕಡೆ ಅವರು ತಿರುಗಿಯೂ ನೋಡುವುದಿಲ್ಲ. ಕೆಟ್ಟದ್ದನ್ನು ರಿಪೇರಿ ಮಾಡುವುದರಲ್ಲಿ ಏನು ದೊಡ್ಡಸ್ತಿಕೆ? ಅದನ್ನು ಯಾರು ಬೇಕಾದರೂ ಮಾಡಿಯಾರು! ಚೆನ್ನಾಗಿರುವುದನ್ನು ರಿಪೇರಿ ಮಾಡುವುದಕ್ಕೆ ನನ್ನ ಭಾವನೇ ಆಗಬೇಕು.

ಸಿದ್ಧಕಟ್ಟೆ ಪೇಟೆಯಿಂದ ಒಳಗೆ ಹೋಗುವ ಓಣಿಯಲ್ಲಿ ಅವರ ಮನೆ. ಮೂವತ್ತು ವರ್ಷ ಹಿಂದಿ ಮಾಸ್ಟ್ರಾಗಿದ್ದು ನಿವೃತ್ತರಾದವರು. ಹಿಂದಿಗೂ ಸ್ಕ್ರೂಡ್ರೈವರಿಗೂ ಏನು ಸಂಬಂಧ ಎಂದು ನನ್ನನ್ನು ಕೇಳಬೇಡಿ. ಒಮ್ಮೆ ಗೋಡೆ ಗಡಿಯಾರವನ್ನು ‘ದೂಳು ತೆಗೆಯಲಿಕ್ಕೆ’ ಎಂದು ಬಿಚ್ಚಿದರು. ಮತ್ತೆ ಜೋಡಿಸಿದಾಗ ಎರಡು ಸ್ಕ್ರೂ ಉಳಿದವು.

“ಭಾವ, ಇದು ಎಲ್ಲಿಯದ್ದು?” ಎಂದೆ.

“ಕಂಪೆನಿಯವರು ಹೆಚ್ಚಿಗೆ ಹಾಕಿರ್ತಾರೆ ಮಾರಾಯ” ಎಂದರು. ಗಡಿಯಾರ ಅಂದಿನಿಂದ ಮಧ್ಯಾಹ್ನದವರೆಗೆ ಮಾತ್ರ ನಡೆಯುತ್ತದೆ.

ಮಿಕ್ಸಿಯ ಸದ್ದು ಕಡಿಮೆ ಮಾಡುತ್ತೇನೆಂದು ಹೊರಟದ್ದು ಇನ್ನೊಂದು ಕಥೆ. ಸದ್ದು ಪೂರ್ತಿ ನಿಂತಿತು, ಮಿಕ್ಸಿಯೂ ನಿಂತಿತು. ಅಂದಿನಿಂದ ಎದುರುಮನೆಯ ಐಸಮ್ಮ, ಭಾವ ಗೇಟು ತೆರೆಯುವುದು ಕಂಡರೆ ಸಾಕು, ಜಗಲಿಯಲ್ಲಿದ್ದ ಟೇಬಲ್ ಫ್ಯಾನನ್ನು ಎತ್ತಿಕೊಂಡು ಒಳಗೆ ಹೋಗುತ್ತಾರೆ!

ಅಕ್ಕ ಇರುವಷ್ಟು ದಿನ ಇದಕ್ಕೆಲ್ಲ ಒಂದು ಮಿತಿ ಇತ್ತು. ಅಕ್ಕ ತೀರಿಹೋಗಿ ಎಂಟು ತಿಂಗಳಾಯಿತು. ಮಕ್ಕಳಿಲ್ಲ. ಈಗ ಮನೆಯಲ್ಲಿ ಭಾವ ಒಬ್ಬರು, ಮತ್ತೆ ಇನ್ನೂ ಬಿಚ್ಚದೆ ಉಳಿದ ಕೆಲವು ವಸ್ತುಗಳು.

ಮೊನ್ನೆ ಶನಿವಾರ ಪ್ರೆಸ್ಸಿಗೆ ಅರ್ಧ ದಿನ ರಜೆ ಹಾಕಿ ಮೂಡುಬಿದಿರೆಯಿಂದ ಬಸ್ಸು ಹತ್ತಿದೆ. ನಾನು ಅಲ್ಲಿ ಪ್ರೂಫ್ ತಿದ್ದುವವನು. ಇರುವುದು ಒಂದು ಬಾಡಿಗೆ ಕೋಣೆಯಲ್ಲಿ, ಒಬ್ಬನೇ. ಹೋಗಿ ನೋಡಿದರೆ ಭಾವ ಇಂಟರ್ನೆಟ್ಟಿನ ರೂಟರನ್ನು ಮಡಿಲಲ್ಲಿ ಇಟ್ಟುಕೊಂಡು ಕುರ್ಚಿಯಲ್ಲಿ ಕೂತಿದ್ದರು. ಜ್ವರ ಬಂದ ಮಗುವನ್ನು ಇಟ್ಟುಕೊಂಡ ಹಾಗೆ.

“ಏನು ಮಾಡಿದಿರಿ ಭಾವ?”

“ನಾನು ಏನೂ ಮಾಡಲಿಲ್ಲ. ದೀಪ ಸ್ವಲ್ಪ ಜಾಸ್ತಿ ಮಿಣುಕ್ತಾ ಇತ್ತು. ಹಿಂದೆ ನೋಡಿದೆ. ಸಣ್ಣ ತೂತು ಉಂಟು. ತೂತು ಇಟ್ಟದ್ದು ಮತ್ತೆ ಯಾಕೆ? ಸೇಫ್ಟಿ ಪಿನ್ನು ಹಾಕಿ ಹತ್ತು ಎಣಿಸಿದೆ.”

ಎಣಿಸಿದ್ದು ಹಿಂದಿಯಲ್ಲೇ ಇರಬೇಕು. ‘ದಸ್’ ಎನ್ನುವಷ್ಟರಲ್ಲಿ ರೂಟರು ತನ್ನ ಹೆಸರು, ಊರು, ಪಾಸ್‌ವರ್ಡು ಎಲ್ಲವನ್ನೂ ಮರೆತು, ಕಂಪೆನಿಯಲ್ಲಿ ಹುಟ್ಟಿದ ದಿನ ಹೇಗಿತ್ತೋ ಹಾಗಾಗಿತ್ತು. ಅದು ನಡೆದದ್ದು ಗುರುವಾರ. ಅಂದಿನಿಂದ ಇಂಟರ್ನೆಟ್ಟಿನ ದೀಪ ಕೆಂಪಾಗಿಯೇ ಇತ್ತು. ಸಾಲದ್ದಕ್ಕೆ, ಭಾವ ತಮ್ಮ ಫೋನಿನಲ್ಲೂ ಏನೇನೋ ಒತ್ತಿ, ಹಳೆಯ ವೈಫೈಯನ್ನು ‘ಮರೆತುಬಿಡು’ ಎಂಬಲ್ಲಿಗೂ ಒತ್ತಿ ಮುಗಿಸಿದ್ದರು!

ಕಸ್ಟಮರ್ ಕೇರಿಗೆ ಫೋನು ಮಾಡಿಕೊಟ್ಟೆ. ಕನ್ನಡಕ್ಕೆ ಒಂದು, ಹಿಂದಿಗೆ ಎರಡು ಎಂದಿತು. ಮೂವತ್ತು ವರ್ಷ ಕಲಿಸಿದ್ದು ಮತ್ತೆ ಯಾವಾಗ ಉಪಯೋಗಕ್ಕೆ ಬರಬೇಕು? ಭಾವ ಎರಡು ಒತ್ತಿ, ಗಂಟಲು ಸರಿಮಾಡಿಕೊಂಡರು.

“ಮಹೋದಯಾ, ಮೇರಾ ಅಂತರ್ಜಾಲ ಮೃತಪ್ರಾಯ ಹೋ ಗಯಾ ಹೈ. ಕೃಪಯಾ ಉಸೇ ಪುನರ್ಜೀವಿತ ಕೀಜಿಯೇ.”

ಆ ಕಡೆಯಿಂದ ಒಬ್ಬಳು ಹುಡುಗಿ ಮೆಲ್ಲಗೆ, “ಸರ್, ನಾನು ಬೆಳ್ತಂಗಡಿಯವಳು. ಕನ್ನಡದಲ್ಲೇ ಹೇಳಿದ್ರೆ ನಿಮಗೂ ಸುಲಭ, ನನಗೂ ಸುಲಭ” ಎಂದಳು.

ಮಧ್ಯಾಹ್ನ ಊಟ ಆಗುವಷ್ಟರಲ್ಲಿ ಬಂಟ್ವಾಳದಿಂದ ಇಂಟರ್ನೆಟ್ ಕಂಪೆನಿಯ ಫೈಬರಿನವರೊಬ್ಬರು ಬೈಕಿನಲ್ಲಿ ಬಂದರು. ನಲವತ್ತು ದಾಟಿದ, ಮಾತು ಕಡಿಮೆಯ ಮನುಷ್ಯ. ಆಫೀಸಿಗೆ ಫೋನು ಮಾಡಿ ಕನೆಕ್ಷನ್ನಿನ ಹೆಸರು, ಅದರ ಗುಟ್ಟಿನ ಅಕ್ಷರ ಎಲ್ಲ ಕೇಳಿಕೊಂಡು ಲ್ಯಾಪ್‌ಟಾಪಿನಲ್ಲಿ ಹಾಕಿದರು. ಹತ್ತೇ ನಿಮಿಷ. ಕೆಂಪು ದೀಪ ಹಸಿರಾಯಿತು.

“ಆಯ್ತು. ವೈಫೈಗೆ ಏನು ಹೆಸರು ಇಡುವ ಸರ್?”

“ಮೊದಲಿನದ್ದೇ. ಹಿಂದಿ ಮಾಸ್ಟ್ರು ಅಂತ. ನನ್ನ ಹೆಂಡತಿ ಇಟ್ಟದ್ದು.”

“ಪಾಸ್‌ವರ್ಡ್?”

“ಅದೂ ಮೊದಲಿನದ್ದೇ ಆಗಬೇಕು.”

“ಯಾವುದು ಅದು?”

“ಗೊತ್ತಿಲ್ಲ.”

ಫೈಬರಿನವರು ನನ್ನ ಮುಖ ನೋಡಿದರು. ನಾನು ಗಡಿಯಾರ ನೋಡಿದೆ. ಕನೆಕ್ಷನ್ ಕೊಡುವಾಗ ಪಾಸ್‌ವರ್ಡು ಹಾಕಿದ್ದು ಅಕ್ಕ. ಭಾವನ ಫೋನಿಗೆ ಹಾಕಿಕೊಟ್ಟದ್ದೂ ಅಕ್ಕನೇ. ನನ್ನ ಹಳೆಯ ಫೋನಿನಲ್ಲೂ ಇತ್ತು. ಆ ಫೋನು ಬಸ್ಸಿನಲ್ಲಿ ಕಳೆದುಹೋಗಿ ವರ್ಷವಾಗಿತ್ತು.

“ಹೊಸದು ಹಾಕುವ ಸರ್. ಒಂದರಿಂದ ಎಂಟರವರೆಗೆ ಹಾಕ್ತೇನೆ, ನೆನಪಿಗೂ ಸುಲಭ.”

“ಬೇಡ.”

“ಹಳೆಯದೇ ಯಾಕೆ ಬೇಕು ನಿಮಗೆ?” ಆ ಮನುಷ್ಯನ ದನಿ ಸ್ವಲ್ಪ ಏರಿತು.

ಭಾವ ಎದ್ದು ಒಳಗೆ ಹೋದರು. ಒಂದು ಫೋನನ್ನು ಎರಡೂ ಕೈಯಲ್ಲಿ ಹಿಡಿದು ತಂದು ಮೇಜಿನ ಮೇಲೆ ಇಟ್ಟು, ಕೂಡಲೇ ಚಾರ್ಜರಿಗೆ ಚುಚ್ಚಿದರು. ಅಕ್ಕನ ಫೋನು.

“ಇದರ ಬೀಗ ತೆಗೆಯಲಿಕ್ಕೆ ನನಗೆ ಬರುವುದಿಲ್ಲ” ಎಂದರು. “ಆಫ್ ಆಗಲಿಕ್ಕೆ ಬಿಡಲಿಲ್ಲ ನಾನು, ಇಷ್ಟು ದಿನ. ಭಜನೆಯವರದ್ದು, ಹೊಲಿಗೆ ಕ್ಲಾಸಿನವರದ್ದು, ಅವಳ ಶಾಲೆಯ ಗೆಳತಿಯರದ್ದು, ಎಲ್ಲ ಗ್ರೂಪಿನಿಂದ ಬರ್ತದೆ. ದಿನಾ ಟಿಂಗ್ ಟಿಂಗ್ ಹೇಳ್ತಾ ಇರ್ತದೆ. ಗುರುವಾರದಿಂದ ಇಲ್ಲ.”

ಚಾರ್ಜರಿನ ವೈರನ್ನು ನೆಟ್ಟಗೆ ಮಾಡುತ್ತ, “ಮನೆಯಲ್ಲಿ ಬೇರೆ ಸದ್ದು ಇಲ್ಲ ನೋಡಿ” ಎಂದರು.

ಅಕ್ಕನ ಸಿಮ್ಮಿನಲ್ಲಿ ನೆಟ್ ಇರಲಿಲ್ಲ, ಬರುವುದೆಲ್ಲ ವೈಫೈಯಿಂದಲೇ. ಬೀಗ ಹಾಕಿದ ಫೋನಿಗೆ ಹೊಸ ಪಾಸ್‌ವರ್ಡು ಹೇಳಿಕೊಡುವ ಉಪಾಯವಿಲ್ಲ. ಹೆಸರು, ಪಾಸ್‌ವರ್ಡು ಎರಡೂ ಹಳೆಯದೇ ಆದರೆ ಮಾತ್ರ ಅದು ತಾನಾಗಿ ಸೇರಿಕೊಳ್ಳುತ್ತದೆ. ಫೈಬರಿನವರು ಎದ್ದರು. ಹೊರಗೆ ಹೋಗಿ ಯಾರಿಗೋ ಫೋನಿನಲ್ಲಿ, “ನಾನು ಬರುವಾಗ ಸ್ವಲ್ಪ ತಡ ಆಗ್ತದೆ” ಎಂದರು. ಬಂದು ಚಪ್ಪಲಿ ಬಿಟ್ಟು ಸರಿಯಾಗಿ ಕೂತರು. “ಹೇಳಿ ಸರ್, ನೋಡುವ.”

ಶುರುವಾಯಿತು! ಅಕ್ಕನ ಹೆಸರು ಹಾಕಿದೆವು. ಅಮ್ಮನ ಹೆಸರು ಹಾಕಿದೆವು. ಬೆಕ್ಕಿನ ಹೆಸರು ಹಾಕಿದೆವು. ಮದುವೆಯ ತಾರೀಕು ಹಾಕುವ ಎಂದಾಗ ಭಾವನಿಗೂ ನನಗೂ ವರ್ಷದ ವಿಷಯದಲ್ಲಿ ಜಗಳವಾಯಿತು. ಮದುವೆಯಾದದ್ದು ಅವರು, ಸರಿಯಾದ ವರ್ಷ ನೆನಪಿದ್ದದ್ದು ನನಗೆ! ಒಂದೊಂದು ಸಲ ಹಾಕಿದಾಗಲೂ ಮೂರು ಜನ ಗಂಡಸರು ಉಸಿರು ಬಿಗಿಹಿಡಿದು ಒಂದು ಫೋನಿನ ಮೇಲೆ ಬಗ್ಗುವುದು, ಆಮೇಲೆ ಒಬ್ಬೊಬ್ಬರಾಗಿ ಸೊಂಟ ನೆಟ್ಟಗೆ ಮಾಡುವುದು. ಫೋನು ಸುಮ್ಮನೆ ಮಲಗಿತ್ತು.

ಅಷ್ಟರಲ್ಲಿ ಐಸಮ್ಮ ಬಾಗಿಲಲ್ಲಿ ಬಂದು ನಿಂತರು. ಒಳಗೂ ಬರುವುದಿಲ್ಲ, ಹೋಗುವುದೂ ಇಲ್ಲ.

“ಮಾಸ್ಟ್ರೇ, ನೀವು ಬೈಯಬಾರದು.”

“ಏನು ಐಸಮ್ಮ?”

“ಇಂಟರ್ನೆಟ್ ಸರಿ ಆಯ್ತಾ? ನಮ್ಮವರು ಸೌದಿಯ ದಮಾಮಿನಿಂದ ಮೂರು ದಿನದಿಂದ ವೀಡಿಯೋದಲ್ಲಿ ಮುಖ ತೋರಿಸಲಿಲ್ಲ. ನಮ್ಮ ಮನೆಗೂ ನಿಮ್ಮದೇ ಬರುವುದು. ಅಕ್ಕ ಕೊಟ್ಟದ್ದು. ನಮಗೆ, ಮತ್ತೆ ಆಚೆಮನೆಯವರಿಗೆ, ಮೂಲೆಮನೆಯ ಟೀಚರಿಗೂ.”

ನೆಟ್ ನಿಧಾನ, ಯಾರೋ ಕದಿಯುತ್ತಿದ್ದಾರೆ ಎಂದು ಎರಡು ವರ್ಷ ಕಂಪೆನಿಗೆ ದೂರು ಬರೆದವರು ನಮ್ಮ ಭಾವ. ಕಳ್ಳಿ ಮನೆಯೊಳಗೇ ಇದ್ದಳು!

“ಹಾಗಾದರೆ ಪಾಸ್‌ವರ್ಡ್ ನಿಮ್ಮಲ್ಲಿ ಉಂಟಾ?” ಎಂದು ಕೇಳಿದ್ದು ನಾವು ಮೂವರೂ ಒಟ್ಟಿಗೆ.

ಐಸಮ್ಮ ಓಡಿಹೋಗಿ ಕಪಾಟಿನ ಬಾಗಿಲಿಗೆ ಅಂಟಿಸಿದ್ದ ಚೀಟಿಯನ್ನು ಕಿತ್ತುಕೊಂಡು ಬಂದರು. ಅಕ್ಕನ ದುಂಡು ಅಕ್ಷರ. ಇಂಗ್ಲಿಷಿನಲ್ಲಿ ಬರೆದಿದ್ದರೂ ಮಾತು ತುಳು: ‘ಮುಟ್ಟೊಡ್ಚಿ’. ಮುಟ್ಟಬೇಡಿ!

“ಮಾಸ್ಟ್ರಿಗೆ ಹೇಳ್ಬೇಡ, ಹೇಳಿದ್ರೆ ಅದನ್ನೂ ರಿಪೇರಿ ಮಾಡ್ತಾರೆ ಅಂತ ಹೇಳಿದ್ರು ಅಕ್ಕ” ಎಂದು ಐಸಮ್ಮ ನೆಲ ನೋಡುತ್ತ ಹೇಳಿದರು.

ಭಾವ ಚೀಟಿಯನ್ನು ದೂರ ಹಿಡಿದು ಓದಿದರು, ಹತ್ತಿರ ಹಿಡಿದು ಓದಿದರು. “ಇದು ನನಗೇ ಹೇಳಿದ್ದು” ಎಂದರು. ಆ ದನಿಯಲ್ಲಿ ಸ್ವಲ್ಪ ಹೆಮ್ಮೆಯೇ ಇತ್ತು.

ಫೈಬರಿನವರು ಒಂದೊಂದೇ ಅಕ್ಷರ ನೋಡಿ ಹಾಕಿದರು. ಒಂದು ನಿಮಿಷ ಏನೂ ಇಲ್ಲ. ಆಮೇಲೆ ಟಿಂಗ್. ಮತ್ತೊಂದು. ಮತ್ತೆ ಬಿಡುವಿಲ್ಲದೆ ಮೂರು ದಿನದ ಟಿಂಗ್‌ಗಳೆಲ್ಲ ಒಂದರ ಮೇಲೊಂದು ಬಿದ್ದು, ಫೋನು ಮೇಜಿನ ಮೇಲೆ ತಾನಾಗಿ ಜರುಗತೊಡಗಿತು. ಐಸಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಮನೆಗೆ ಓಡಿದರು. ಫೈಬರಿನವರು ಬ್ಯಾಗು ಹೆಗಲಿಗೇರಿಸಿ, “ಇನ್ನು ಪಿನ್ನು ಹಾಕ್ಬೇಡಿ ಸರ್” ಎಂದಷ್ಟೇ ಹೇಳಿ ಹೊರಟರು.

ಭಾವ ಕನ್ನಡಕ ಹಾಕಿಕೊಂಡು ಪರದೆಯ ಮೇಲೆ ಬಂದದ್ದನ್ನು ಗಟ್ಟಿಯಾಗಿ ಓದುತ್ತ ಹೋದರು. ಭಜನೆ ಮಂಗಳವಾರದ ಬದಲು ಬುಧವಾರ. ಯಾರದೋ ಮೊಮ್ಮಗುವಿನ ಹುಟ್ಟುಹಬ್ಬ. ಇದ್ದಕ್ಕಿದ್ದಂತೆ ನಿಲ್ಲಿಸಿ, “ಇದು ನಿನ್ನದು” ಎಂದರು. “ಅಕ್ಕಾ, ಒಂದೇ ಗೆರೆ ಬೀಳ್ತಾ ಉಂಟು. ಭಾವ ಏನಾದರೂ ಬಿಚ್ಚಿದರಾ?”

ನಾನು ತಲೆ ಎತ್ತಲಿಲ್ಲ.

ಇಷ್ಟು ಹೊತ್ತು ಭಾವನ ಕಥೆ ಹೇಳಿ ನಿಮ್ಮನ್ನು ನಗಿಸಿದವನು ಇದೊಂದನ್ನು ಹೇಳಿರಲಿಲ್ಲ. ಎಂಟು ತಿಂಗಳಿಂದ ದಿನಾ ಬೆಳಿಗ್ಗೆ, ಪ್ರೆಸ್ಸಿಗೆ ಹೊರಡುವ ಮೊದಲು, ನಾನು ಅಕ್ಕನಿಗೆ ಒಂದು ಮೆಸೇಜು ಹಾಕುತ್ತೇನೆ. ಮಾಡಿದ ತಿಂಡಿ, ಸಿಕ್ಕಿದ ಬಸ್ಸು, ಇಂಥದ್ದೇ. ಪಕ್ಕದಲ್ಲಿ ಎರಡು ಗೆರೆ ಬೀಳುತ್ತಿತ್ತು, ತಲುಪಿದೆ ಎಂದು. ಎಲ್ಲಿಗೆ ತಲುಪಿತು ಎಂದು ನಾನು ಯೋಚಿಸಲು ಹೋಗಿರಲಿಲ್ಲ. ಶುಕ್ರವಾರ, ಶನಿವಾರ ಎರಡೂ ದಿನ ಒಂದೇ ಗೆರೆ ಬಿತ್ತು. ನನ್ನನ್ನು ಯಾರೂ ಕರೆದಿರಲಿಲ್ಲ. ಆ ಒಂದು ಗೆರೆ ನೋಡಿಯೇ ನಾನು ಬಸ್ಸು ಹತ್ತಿದ್ದು.

“ದಿನಾ ನಿನ್ನದೇ ಮೊದಲು ಬರುವುದು” ಎಂದರು ಭಾವ. “ಓದ್ತೇನೆ ನಾನು. ಆದರೆ ನೀನು ಉದ್ದ ಬರೀತಿ ಮಾರಾಯ. ಬೀಗ ಹಾಕಿದ ಫೋನಲ್ಲಿ ಅರ್ಧವೇ ಕಾಣುವುದು. ಮೊನ್ನೆ, ನಿಮ್ಮ ಪ್ರೆಸ್ಸಿನ ಧಣಿಯ ಹಲ್ಲುಸೆಟ್ಟು ಮದುವೆ ಊಟದಲ್ಲಿ ಅಂತ ಬರೆದಿದ್ದಿ, ಅಲ್ಲಿಗೇ ನಿಂತಿತು. ಎಲ್ಲಿ ಬಿದ್ದದ್ದು ಅದು?”

“ಪಾಯಸಕ್ಕೆ” ಎಂದೆ.

ಭಾವ ಎದ್ದು ಚಹಾಕ್ಕೆ ನೀರಿಟ್ಟರು. ನಾನು ಸಂಜೆಯ ಬಸ್ಸನ್ನು ಬಿಟ್ಟೆ. ಎಂಟು ತಿಂಗಳ ಅರ್ಧರ್ಧ ಸುದ್ದಿಗಳನ್ನು ಪೂರ್ತಿ ಮಾಡುವುದಿತ್ತು.