ಇಪ್ಪತ್ತೊಂದು ಇಂಚಿನ ಚಕ್ರವೂ ಮಾವನ ಮೂರು ಕಿಲೋ ನೀರೂ

ಅಳೆದು ಸುರಿದು ಮಾಡುವುದು ಎಂಬ ಮಾತು ಹುಟ್ಟಿದ್ದೇ ನನ್ನಂಥವನೊಬ್ಬನನ್ನು ನೋಡಿ ಇರಬೇಕು. ನಾನು ತೂಕ ಮತ್ತು ಅಳತೆ ಇಲಾಖೆಯ ಇನ್‌ಸ್ಪೆಕ್ಟರ್. ಇಪ್ಪತ್ತಮೂರು ವರ್ಷಗಳಿಂದ ಊರಿನ ತಕ್ಕಡಿಗಳೆಲ್ಲ ನನ್ನನ್ನು ಕಂಡರೆ ನೆಟ್ಟಗೆ ನಿಲ್ಲುತ್ತವೆ. ಹಾಗಾಗಿ ಕಾರಿಗೆ ಹೊಸ ಚಕ್ರ ಹಾಕಿಸಬೇಕೆಂದು ತೀರ್ಮಾನಿಸಿದ ದಿನ ಹೆಂಡತಿಯ ಮುಂದೆ ನಿಂತು ಘೋಷಣೆ ಹೊರಡಿಸಿದೆ.

"ಜನ ಚಕ್ರ ಆರಿಸೋದು ಕಣ್ಣಲ್ಲಿ. ನಾನು ಆರಿಸೋದು ತಕ್ಕಡೀಲಿ. ಒಂದು ಗ್ರಾಂ ತಪ್ಪಿದ್ರೆ ನನ್ನನ್ನ ಕೇಳು!"

ನನ್ನ ಹೆಂಡತಿ ಹೈಸ್ಕೂಲಿನ ಹೆಡ್‌ಮಿಸ್ಟ್ರೆಸ್. ಅವಳು ಬೈಯುವುದಿಲ್ಲ, ಪ್ರಶ್ನೆ ಕೇಳುತ್ತಾಳೆ. ಬೈಸಿಕೊಳ್ಳುವುದೇ ಎಷ್ಟೋ ವಾಸಿ.

"ಈಗಿರೋ ಚಕ್ರಕ್ಕೆ ಏನಾಗಿದೆ?"

"ಪಾತ್ರೆ ಮುಚ್ಚಳದ ಹಾಗಿದೆ."

"ಹಾಗಂತ ಯಾರಂದ್ರು?"

"ಆಫೀಸಲ್ಲಿ ಎಲ್ಲರೂ."

"ಅವರೆಲ್ಲ ಅದರಲ್ಲಿ ಕೂತ್ಕೊಂಡು ಡಯಾಲಿಸಿಸ್‌ಗೆ ಹೋಗ್ತಾರಾ?"

ಈ ಕೊನೆಯ ಪ್ರಶ್ನೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಮಾವ, ಅಂದರೆ ಇವಳ ಅಪ್ಪ, ನಮ್ಮ ಜೊತೆಯಲ್ಲೇ ಇದ್ದಾರೆ. ನಲವತ್ತು ವರ್ಷ ದರ್ಜಿಯಾಗಿದ್ದವರು. ಎರಡೂ ಕಿಡ್ನಿಗಳು ಕೈಕೊಟ್ಟು ಎರಡು ವರ್ಷವಾಯಿತು. ಸೋಮವಾರ, ಬುಧವಾರ, ಶುಕ್ರವಾರ ಬೆಳಗ್ಗೆ ಏಳೂವರೆಗೆ ಮೂವತ್ತನಾಲ್ಕು ಕಿಲೋಮೀಟರ್ ದೂರದ ಆಸ್ಪತ್ರೆಯಲ್ಲಿ ಅವರನ್ನು ಯಂತ್ರಕ್ಕೆ ಜೋಡಿಸಿ ನಾಲ್ಕು ಗಂಟೆ ರಕ್ತ ತೊಳೆಯುತ್ತಾರೆ, ಮೈಯಲ್ಲಿ ನಿಂತ ನೀರು ತೆಗೆಯುತ್ತಾರೆ. ಒಳಗೆ ಹೋಗುವಾಗ ಒಮ್ಮೆ ತೂಕ, ಹೊರಗೆ ಬರುವಾಗ ಒಮ್ಮೆ ತೂಕ. ನೀರೆಲ್ಲ ತೆಗೆದ ಮೇಲೆ ಅವರು ಐವತ್ತೆರಡು ಕಿಲೋ. ಅದರ ಮೇಲೆ ಎರಡು ಕಿಲೋ ಏರಿದರೆ ಕಾಲು ಊದುತ್ತದೆ, ನಾಲ್ಕು ಏರಿದರೆ ನೀರು ಶ್ವಾಸಕೋಶಕ್ಕೆ ಹೋಗುತ್ತದೆ. ಅದಕ್ಕೇ ದಿನಕ್ಕೆ ಮುಕ್ಕಾಲು ಲೀಟರಿಗಿಂತ ಹೆಚ್ಚು ಕುಡಿಯುವ ಹಾಗಿಲ್ಲ. ಅವರ ಲೋಟದ ಮೇಲೆ ಅಳತೆಯ ಗೆರೆ ಕೊರೆದುಕೊಟ್ಟವನು ನಾನೇ. ಇಲಾಖೆಯ ಮುದ್ರೆ ಒತ್ತಿಲ್ಲ, ಅಷ್ಟೇ.

ಕಾರು ಕೊಂಡದ್ದೂ ಅವರ ಹೆಸರು ಹೇಳಿಕೊಂಡೇ. ಹಳೆಯ ಡೀಸೆಲ್ ಗಾಡಿಯ ಕುಲುಕಾಟಕ್ಕೆ ವಾಪಸು ಬರುವಾಗ ಅವರಿಗೆ ವಾಂತಿಯಾಗುತ್ತಿತ್ತು. ಬ್ಯಾಟರಿ ಕಾರಾದರೆ ಸದ್ದಿಲ್ಲ, ನಡುಕವಿಲ್ಲ ಎಂದು ವಾದಿಸಿ ಗೆದ್ದೆ. ಆದರೆ ಶೋರೂಮಿನಲ್ಲಿ ನಾವು ನೋಡಲು ಹೋದ ಸಾಧು ಕಾರಿನ ಪಕ್ಕದಲ್ಲೇ ಎರಡು ಮೋಟಾರಿನ, ನಾಲ್ಕು ಸೆಕೆಂಡಿಗೆ ನೂರರ ವೇಗ ಮುಟ್ಟುವ ಸೆಡಾನ್ ನಿಂತಿತ್ತು. ಮಾವನ ಆರೋಗ್ಯಕ್ಕೆ ಅದೇ ಒಳ್ಳೆಯದೆಂದು ನನಗೆ ತಕ್ಷಣ ಮನವರಿಕೆಯಾಯಿತು.

ಮನೆಗೆ ತಂದ ದಿನ ಮಾವ ಅದರ ಸುತ್ತ ಒಂದು ಸಲ ನಡೆದು ನೋಡಿದರು. "ನಾಲ್ಕು ಸೆಕೆಂಡಿಗೆ ನೂರಾ ಅಳಿಯಂದ್ರೇ? ಆಮೇಲೆ ಸಿಗ್ನಲ್ಲಲ್ಲಿ ಎಷ್ಟೊತ್ತು ನಿಂತಿರುತ್ತೆ?"

ಇಂಥ ಕಾರಿಗೆ ಪಾತ್ರೆ ಮುಚ್ಚಳದ ಚಕ್ರ! ಮೂರು ವಾರ ನಾನು ಊಟ ನಿದ್ರೆ ಬಿಟ್ಟೆನೆಂದು ಹೇಳಲಾರೆ, ಊಟ ಮಾಡುತ್ತಲೇ ಕೂತು ನಲವತ್ತೊಂದು ಬಗೆಯ ಚಕ್ರಗಳ ಪಟ್ಟಿ ಮಾಡಿದೆ. ವ್ಯಾಸ, ಅಗಲ, ಬೋಲ್ಟುಗಳ ನಡುವಿನ ಅಂತರ, ಬಣ್ಣ, ಎಲ್ಲಕ್ಕೂ ಒಂದೊಂದು ಅಂಕಣ. ಕೊನೆಗೆ ಗೆದ್ದದ್ದು ಇಪ್ಪತ್ತೊಂದು ಇಂಚಿನ, ಕಪ್ಪು ಬಣ್ಣದ, ಹತ್ತು ಕಡ್ಡಿಯ ಚಕ್ರ. ಅದಕ್ಕೆ ಸುತ್ತಿದ ರಬ್ಬರು ಎರಡು ಬೆರಳಿನಷ್ಟು ದಪ್ಪ. ಪಕ್ಕದಿಂದ ನೋಡಿದರೆ ಟೈರೇ ಕಾಣುವುದಿಲ್ಲ, ಬರೀ ಚಕ್ರ. ಅದೇ ಅದರ ಅಂದ ಎಂದು ಬಲ್ಲವರು ಹೇಳಿದ್ದರು.

ಅಂಗಡಿಯಿಂದ ಒಂದನ್ನು ಟೈರು ಸಮೇತ ಕಡ ತಂದು, ನನ್ನ ಹಳೆಯ ಚಕ್ರವೊಂದನ್ನು ಬಿಚ್ಚಿಸಿ, ಎರಡನ್ನೂ ಆಫೀಸಿನ ದೊಡ್ಡ ತಕ್ಕಡಿಯ ಮೇಲಿಟ್ಟೆ. ದೊಡ್ಡದಾಗಿದ್ದರೂ ಹೊಸದು ಹಳೆಯದಕ್ಕಿಂತ ಮೂರು ಕಿಲೋ ನಾನೂರು ಗ್ರಾಂ ಹಗುರ. ಸಹೋದ್ಯೋಗಿಗಳನ್ನು ಕರೆದು ತೋರಿಸಿದೆ, ಮನೆಯಲ್ಲೂ ಎಲ್ಲರಿಗೂ ಹೇಳಿದೆ. ಆ ಹಗುರ ಎಲ್ಲಿಂದ ಬಂತೆಂದು ಅವರೂ ಕೇಳಲಿಲ್ಲ, ನಾನೂ ಕೇಳಿಕೊಳ್ಳಲಿಲ್ಲ.

ಹೇಳಿದವನು ಒಬ್ಬನೇ, ಚಕ್ರದಂಗಡಿಯ ಯಜಮಾನ. ಮಿತಭಾಷಿ. ಟೈರಿನ ಪಕ್ಕದಲ್ಲಿ ಕೊರೆದಿದ್ದ ಚಿಕ್ಕ ಅಂಕಿಯೊಂದರ ಮೇಲೆ ಬೆರಳಿಟ್ಟು ಹೇಳಿದ.

"ಸರ್, ಇದು ಟೈರು ಎಷ್ಟು ಭಾರ ತಡೆಯುತ್ತೆ ಅನ್ನೋ ನಂಬರು. ನಿಮ್ಮ ಗಾಡಿಗೆ ತೊಂಬತ್ತೆಂಟು ಬೇಕು. ಇದು ತೊಂಬತ್ತೊಂದು. ಪೆಟ್ರೋಲ್ ಗಾಡಿಗಾದ್ರೆ ಸಾಕು. ನಿಮ್ಮದರಲ್ಲಿ ಬ್ಯಾಟರೀನೇ ಅರ್ಧ ಟನ್ ಇದೆ. ಭಾರ ತಡೆಯೋ ಟೈರು ಬೇಕಂದ್ರೆ ತರಿಸಿಕೊಡ್ತೀನಿ, ಎರಡು ವಾರ ಆಗುತ್ತೆ."

ಎರಡು ವಾರ! ನಾನು ಜೇಬಿನಿಂದ ಇಲಾಖೆಯ ಗುರುತಿನ ಚೀಟಿ ತೆಗೆದು ಅವನ ಮುಂದೆ ಹಿಡಿದೆ. "ತೂಕದ ಪಾಠ ಯಾರಿಗೆ ಹೇಳ್ತಿದ್ದೀರಿ ಗೊತ್ತಾ?"

ಅವನು ಚೀಟಿಯನ್ನು ಓದಿದ. ಆಮೇಲೆ ಒಳಗೆ ಹೋಗಿ ಒಂದು ಹಾಳೆ ತಂದ. 'ಎಚ್ಚರಿಕೆ ಹೇಳಿದರೂ ಗಿರಾಕಿ ಒಪ್ಪಿಕೊಂಡಿದ್ದಾರೆ' ಎಂದು ಬರೆದಿತ್ತು. ನಾನು ಇಲಾಖೆಯ ಕಡತಕ್ಕೆ ಹಾಕುವ ಹಾಗೆ ಪೂರ್ತಿ ಸಹಿ, ತಾರೀಖು ಹಾಕಿ, ಕೆಳಗೆ ಹುದ್ದೆಯನ್ನೂ ಬರೆದೆ. ಹಳೆಯ ಚಕ್ರಗಳನ್ನು ಅವನಿಗೇ ಬಿಟ್ಟುಬಂದೆ.

ಮೊದಲ ಶುಕ್ರವಾರ ಮಾವ ಹಿಂದಿನ ಸೀಟಿನಲ್ಲಿ, ಬಾಗಿಲ ಮೇಲಿನ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತಿದ್ದರು.

"ಹೇಗಿದೆ ಮಾವ?"

"ರಸ್ತೆ ಚೆನ್ನಾಗಿ ಗೊತ್ತಾಗುತ್ತೆ."

ನಾನು ಅದನ್ನು ಹೊಗಳಿಕೆ ಎಂದುಕೊಂಡೆ. ವಾಪಸು ಬರುವಾಗ ಪ್ರತಿ ಗುಂಡಿಗೂ ಅವರ ಉಸಿರು ಹ್ಞ ಎನ್ನುತ್ತಿತ್ತು. ಮನೆಗೆ ಬಂದು ನೋಡಿದರೆ ಸೂಜಿ ಚುಚ್ಚಿದ ತೋಳಿನ ಪಟ್ಟಿ ಒದ್ದೆಯಾಗಿತ್ತು, ಅಂಗಿಯ ತೋಳೂ ಕೆಂಪಗಾಗಿತ್ತು. ಹೆಂಡತಿ ಪಟ್ಟಿ ಬದಲಾಯಿಸುತ್ತ ನನ್ನತ್ತ ನೋಡದೆ ಕೇಳಿದಳು.

"ರೀ, ಈ ಚಕ್ರ ಯಾರಿಗೋಸ್ಕರ ಹಾಕ್ಸಿದ್ದು?"

"ಹೊಸದಲ್ವಾ, ಸ್ವಲ್ಪ ದಿನ ಹೋದ್ರೆ ಹದಕ್ಕೆ ಬರುತ್ತೆ."

ಮಾವ ಮೆಲ್ಲಗೆ ಹೇಳಿದರು. "ಬಿಡಮ್ಮ. ಗಿರಾಕಿ ಹಟ ಹಿಡಿದಾಗ ದರ್ಜಿ ಬಾಯಿ ಮುಚ್ಕೊಂಡು ಹೊಲೀಬೇಕು. ಡೊಳ್ಳು ಹೊಟ್ಟೆಯವನು ಬಿಗಿ ಅಂಗೀನೇ ಬೇಕು ಅಂತಾನೆ. ಗುಂಡಿ ಹಾರಿದ ದಿನ ಅವನಿಗೇ ಗೊತ್ತಾಗುತ್ತೆ."

ಗುಂಡಿ ಹಾರಿದ್ದು ಮೂರನೆಯ ವಾರದ ಸೋಮವಾರ. ಸೋಮವಾರವೆಂದರೆ ಶನಿವಾರ, ಭಾನುವಾರದ ನೀರೂ ಮೈಯಲ್ಲೇ ಇರುವ ದಿನ. ಮಾವನ ಊದಿದ ಕಾಲಿಗೆ ಅವತ್ತು ಚಪ್ಪಲಿ ಹಿಡಿಸುತ್ತಿರಲಿಲ್ಲ. ಹೆಂಡತಿ ರಜೆ ಹಾಕಿ ಪಕ್ಕದಲ್ಲಿ ಕೂತಿದ್ದಳು. ಊರು ದಾಟಿ ಹೆದ್ದಾರಿಗೆ ಬಿದ್ದು ಹದಿನೆಂಟು ಕಿಲೋಮೀಟರ್ ಆಗಿತ್ತು. ಸೇತುವೆ ಹತ್ತುವ ಕಡೆ ರಸ್ತೆಗಡ್ಡವಾಗಿ ಒಂದು ಅಂಚು ಎದ್ದಿತ್ತು. ಪ್ರತಿ ಸಲವೂ ದಾಟುತ್ತಿದ್ದ ಅಂಚೇ. ಹಿಂದಿನ ಬಲಗಡೆಯಿಂದ ಪಟಾಕಿ ಸಿಡಿದಂಥ ಸದ್ದು ಬಂತು, ಕಾರು ಅತ್ತ ವಾಲಿತು, ಆಮೇಲೆ ಕಬ್ಬಿಣ ರಸ್ತೆಗೆ ಉಜ್ಜುವ ಸದ್ದು.

ಇಳಿದು ನೋಡಿದೆ. ಟೈರಿನ ಪಕ್ಕ ಅಂಗೈ ಉದ್ದ ಹರಿದಿತ್ತು. ಚಕ್ರದ ಅಂಚು ಒಳಕ್ಕೆ ಮಡಿಚಿಕೊಂಡಿತ್ತು.

"ಸ್ಟೆಪ್ನಿ ಎಲ್ಲಿದೆ?" ಹೆಂಡತಿ ಕೇಳಿದಳು.

"ಈ ಕಾರಿಗೆ ಸ್ಟೆಪ್ನಿ ಇರಲ್ಲ."

"ಮತ್ತೇನಿರುತ್ತೆ?"

ಒಂದು ಪುಟ್ಟ ಗಾಳಿ ಪಂಪೂ ಒಂದು ಬಾಟಲಿ ಅಂಟೂ ಇದ್ದವು. ಆ ಅಂಟು ಮೊಳೆ ಚುಚ್ಚಿದ ತೂತಿಗೆ ಆಗುವಂಥದ್ದು, ನಾನು ಅದನ್ನು ಅಂಗೈ ಉದ್ದದ ಹರಕಿಗೆ ಬಿಟ್ಟೆ. ಪಂಪು ಚಾಲೂ ಮಾಡಿದ ಕೂಡಲೇ ಒಳಗೆ ಹೋದದ್ದೆಲ್ಲ ಹೊರಗೆ ಬಂದು ನನ್ನ ಮುಖ, ಕನ್ನಡಕ, ಅಂಗಿಯ ಮೇಲೆ ಬಿತ್ತು. ಹೊತ್ತು ಬೇರೆಯಾಗಿದ್ದರೆ ಅವಳು ನಗುತ್ತಿದ್ದಳು. ಟ್ಯಾಕ್ಸಿ ಕರೆದರೆ ನಲವತ್ತು ನಿಮಿಷ ಯಾರೂ ಒಪ್ಪಲಿಲ್ಲ. ಕೊನೆಗೆ ಖಾಲಿ ಕ್ರೇಟುಗಳ ಹಾಲಿನ ವ್ಯಾನೊಂದು ನಿಂತಿತು. ಡ್ರೈವರು ಮಾವನನ್ನು ಮುಂದೆ ಕೂರಿಸಿಕೊಂಡ, ನಾವಿಬ್ಬರೂ ಹಿಂದೆ ಕ್ರೇಟುಗಳ ನಡುವೆ ಕೂತೆವು. ನಾಲ್ಕು ಸೆಕೆಂಡಿಗೆ ನೂರು ಮುಟ್ಟುವ ನನ್ನ ಸೆಡಾನು ಸೇತುವೆಯ ಬಳಿ ಮೂರು ಚಕ್ರದ ಮೇಲೆ ಕುಂಟುತ್ತ ನಿಂತಿತ್ತು.

ಆಸ್ಪತ್ರೆ ಮುಟ್ಟಿದಾಗ ಒಂಬತ್ತೂವರೆ. ಮಾವನ ಯಂತ್ರಕ್ಕೆ ಬೇರೊಬ್ಬರನ್ನು ಜೋಡಿಸಿ ಆಗಿತ್ತು. ನರ್ಸ್ ಮಾವನನ್ನು ತಕ್ಕಡಿ ಹತ್ತಿಸಿದಳು. ಐವತ್ತೈದು ಕಿಲೋ ನಾನೂರು ಗ್ರಾಂ.

"ಮೂರು ಕಿಲೋ ನಾನೂರು ಜಾಸ್ತಿ ಇದೆ. ಯಾಕೆ ಸರ್ ಲೇಟು?"

ಹೆಂಡತಿ ಉತ್ತರಿಸಿದಳು. "ಟೈರು ಒಡೀತು, ಸಿಸ್ಟರ್."

"ಮಧ್ಯಾಹ್ನ ಯಾವುದಾದ್ರೂ ಮಷಿನ್ ಖಾಲಿಯಾದ್ರೆ ಕರೀತೀನಿ. ಅಲ್ಲೀವರೆಗೆ ನೀರು ಕೊಡ್ಬೇಡಿ."

ಕಾರಿಡಾರಿನ ಬೆಂಚಿನ ಮೇಲೆ ಕೂತೆವು. ಹನ್ನೊಂದಾಯಿತು, ಹನ್ನೆರಡಾಯಿತು. ಮಾವ ಮೊದಲು ಒರಗಿ ಕೂತಿದ್ದರು, ಆಮೇಲೆ ನೆಟ್ಟಗೆ ಕೂತರು, ಆಮೇಲೆ ಮೊಣಕಾಲ ಮೇಲೆ ಕೈಯೂರಿ ಮುಂದಕ್ಕೆ ಬಾಗಿದರು. ಒಂದೂವರೆಗೆ ಅವರ ಎದೆಯಿಂದ ಗುಳುಗುಳು ಸದ್ದು ಕೇಳತೊಡಗಿತು. ತುಟಿ ನೀಲಿಯಾಯಿತು. ಹೆಂಡತಿ "ಅಪ್ಪಾ" ಎಂದು ಎದ್ದಳು. ಅವಳು ಅಂಥ ದನಿಯಲ್ಲಿ ಕರೆದದ್ದನ್ನು ನಾನು ಎಂದೂ ಕೇಳಿರಲಿಲ್ಲ. ನಾನು ಕಾರಿಡಾರಿನಲ್ಲಿ ಕೂಗುತ್ತ ಓಡಿದೆ. ಇಬ್ಬರು ಬಂದು ಅವರನ್ನು ಸ್ಟ್ರೆಚರಿಗೆ ಹಾಕಿ, ಮೂಗಿಗೆ ಮಾಸ್ಕ್ ಕಟ್ಟಿ ತುರ್ತು ವಿಭಾಗದೊಳಕ್ಕೆ ಎಳೆದುಕೊಂಡು ಹೋದರು. ಬಾಗಿಲು ಮುಚ್ಚಿತು.

ಎರಡು ಗಂಟೆ ನಾವು ಆ ಬಾಗಿಲ ಹೊರಗಿದ್ದೆವು. ಆಗ ಅವಳು ಕೇಳಿದ ಪ್ರಶ್ನೆ ಒಂದೇ.

"ಅಂಗಡಿಯವರು ಏನೂ ಹೇಳಿರಲಿಲ್ವಾ?"

ಸುಳ್ಳು ಹೇಳಬಹುದಿತ್ತು. "ಹೇಳಿದ್ರು," ಎಂದೆ. "ನಾನು ಕಾರ್ಡ್ ತೋರಿಸಿ ಬಾಯಿ ಮುಚ್ಚಿಸಿದೆ."

ನನಗೆ ಹೆದರಿಕೆಯಾಗಿತ್ತು, ಅದಕ್ಕಿಂತ ಹೆಚ್ಚಾಗಿ ನಾಚಿಕೆಯಾಗಿತ್ತು. ಮೀನಂಗಡಿಯ ಮುದುಕಿಯ ತಕ್ಕಡಿ ಐವತ್ತು ಗ್ರಾಂ ತಪ್ಪಿತೆಂದು ಜಪ್ತಿ ಮಾಡಿದವನು ನಾನು. ದೀಪದ ಬುಡದಲ್ಲೇ ಕತ್ತಲು ಎಂದರೆ ಇದೇ.

ಮಾವ ಬದುಕಿಕೊಂಡರು. ಸಂಜೆ ಒಳಗೆ ಬಿಟ್ಟಾಗ ಅರ್ಧ ಕಣ್ಣು ತೆರೆದಿದ್ದರು. ನಾನು ಮಂಚದ ಪಕ್ಕ ನಿಂತು, "ಮಾವ, ತಪ್ಪಾಯ್ತು," ಎಂದೆ. ಅವರು ಮಾಸ್ಕನ್ನು ಒಂದಿಂಚು ಎತ್ತಿದರು.

"ನಿಮ್ಮ ಚಕ್ರ ಎಷ್ಟು ಹಗುರ ಅಂದಿದ್ರಿ?"

"ಮೂರು ಕಿಲೋ... ನಾನೂರು."

"ನಂದೂ ಅಷ್ಟೇ ತೆಗೆದ್ರಂತೆ," ಎಂದು ಮಾಸ್ಕ್ ಹಾಕಿಕೊಂಡರು. ನನಗೆ ಅಳು ಬಂತು. ಅತ್ತುಬಿಟ್ಟೆ.

ಬುಧವಾರದ ಡಯಾಲಿಸಿಸ್ ಅಲ್ಲೇ ಆಯಿತು. ಗುರುವಾರ ಮನೆಗೆ ಕಳಿಸಿದರು. ಕಾರನ್ನು ಎಳೆತಂದು ಮನೆಯ ಮುಂದೆ ಇಟ್ಟಿಗೆಯ ಮೇಲೆ ಕೂರಿಸಿದ್ದಾಯಿತು. ನನ್ನ ಹಳೆಯ ಚಕ್ರಗಳನ್ನು ಅಂಗಡಿಯವನು ಆಗಲೇ ಯಾರಿಗೋ ಕೊಟ್ಟುಬಿಟ್ಟಿದ್ದ. ತೊಂಬತ್ತೆಂಟರ ಟೈರು, ಅದಕ್ಕೆ ತಕ್ಕ ಚಿಕ್ಕ ಚಕ್ರ ಬರಲು ಎರಡು ವಾರ. ಈ ಸಲ ನಾನು ಬಾಯಿ ಮುಚ್ಚಿಕೊಂಡು ಅವನು ಹೇಳಿದ್ದನ್ನು ಬರೆದುಕೊಂಡೆ.

"ನಾಳೆ ಹೇಗೆ ಹೋಗೋದು?" ಹೆಂಡತಿ ಕೇಳಿದಳು. ಅವಳಿಗೆ ಶುಕ್ರವಾರ ಪರೀಕ್ಷೆ ಇತ್ತು, ಬರುವ ಹಾಗಿರಲಿಲ್ಲ.

"ಟ್ಯಾಕ್ಸಿ ಹೇಳ್ತೀನಿ," ಎಂದೆ.

"ಬಸ್ಸು," ಎಂದರು ಮಾವ. "ಬಸ್ಸಿನ ಟೈರಲ್ಲಿ ರಬ್ಬರ್ ಕಾಣುತ್ತೆ."

ಬೆಳಗಿನ ಐದೂಮುಕ್ಕಾಲರ ಬಸ್ಸು ಬೀದಿಯ ತುದಿಯಿಂದ ಹೊರಟು ಆಸ್ಪತ್ರೆಯ ಬಾಗಿಲಲ್ಲೇ ನಿಲ್ಲುತ್ತದೆ. ಎರಡು ವರ್ಷದಿಂದ ಅದು ಅಲ್ಲೇ ನಿಲ್ಲುತ್ತಿತ್ತೆಂಬುದು ನನಗೆ ಗೊತ್ತಿರಲಿಲ್ಲ. ಮುಂದಿನ ಜೋಡಿ ಸೀಟು ಆಸ್ಪತ್ರೆಗೆ ಹೋಗುವವರದು. ಮಾವ ಕಿಟಕಿ ಪಕ್ಕ ಕೂತು ಕಣ್ಣು ಮುಚ್ಚಿದರು. ನಾನು ಪಕ್ಕದಲ್ಲಿ ಅವರ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಎರಡೂ ಕೈಯಲ್ಲಿ ತಬ್ಬಿಕೊಂಡಿದ್ದೆ. ನಾಲ್ಕು ದಿನದ ಗಡ್ಡ, ನಿದ್ದೆಯಿಲ್ಲದ ಕಣ್ಣು. ಪ್ರತಿ ಗುಂಡಿಗೂ ನಾನೇ ಬೆಚ್ಚುತ್ತಿದ್ದೆ. ಮಾವ ಅಲ್ಲಾಡಲೂ ಇಲ್ಲ.

ಕಂಡಕ್ಟರ್ ಬಂದ. "ಆಸ್ಪತ್ರೆ ಸ್ಟಾಪಾ? ಪೇಷಂಟಿಗೆ ಟಿಕೆಟ್ ಇಲ್ಲ, ಜೊತೆಯವರಿಗೆ ಮಾತ್ರ. ನಿಮ್ಮಿಬ್ಬರಲ್ಲಿ ಪೇಷಂಟ್ ಯಾರು?"

ನಾನು ಬಾಯಿ ತೆರೆಯುವ ಮೊದಲೇ ಮಾವ ಕಣ್ಣು ಮುಚ್ಚಿಕೊಂಡೇ ಬೆರಳನ್ನು ನನ್ನ ಕಡೆ ತೋರಿಸಿದರು.

"ಇವರು. ಒಬ್ಬರನ್ನೇ ಕಳಿಸೋಕೆ ಧೈರ್ಯ ಸಾಲ್ಲಿಲ್ಲ, ಜೊತೇಲಿ ಬಂದೆ."

ಕಂಡಕ್ಟರ್ ನನ್ನ ಮುಖವನ್ನು ಒಂದು ಸಲ ನೋಡಿದ, ಮರುಮಾತಿಲ್ಲದೆ ಮಾವನಿಗೆ ಟಿಕೆಟ್ ಹರಿದುಕೊಟ್ಟ.